ಬರೆಸಿದವರು, ಬರೆದವರು

ಕ್ರಿಸ್ತಶಕ 1245ನೆಯ ಇಸವಿ ಮೇ ತಿಂಗಳ ಮೊದಲನೆಯ ದಿನದಿಂದ ಮರುವರ್ಷದ ಆಗಸ್ಟ್ 1ರವರೆಗೆ, ಫ್ರಾನ್ಸಿನ ದಕ್ಷಿಣದಲ್ಲಿರುವ ತುಲೂಸ್ ನಗರದ ಸಂತ ಸೆರ್ನಿನರ ದೇವಾಲಯದ ಮೊಗಸಾಲೆಗೆ, ಲೋರಾಗೆ ಎಂಬ ಸೀಮೆಯ ಹಳ್ಳಿಹಳ್ಳಿಗಳಿಂದ ಒಕ್ಕಲು ಮಕ್ಕಳು, ಸಣ್ಣ ಪುಟ್ಟ ಪಾಳೆಯಗಾರರು, ವಿಧವೆಯರು, ಹದಿನಾಲ್ಕು ತುಂಬಿದ ಹುಡುಗರು, ಹನ್ನೆರಡು ತುಂಬಿದ ಹುಡುಗಿಯರು ಸರದಿಯಾಗಿ ಬಂದು, ಬೆರ್ನಾರ್ ದ ಕೋ ಮತ್ತು ಝಾನ್ ದ ಸೇಂ ಪಿಯೆರ್ ಎಂಬ ಇಬ್ಬರು ಡೊಮಿನಿಕನ್ ಸಂನ್ಯಾಸಿಗಳ ಎದುರಿಗೆ ನಿಂತು, ಸತ್ಯವನ್ನೇ ನುಡಿಯುವೆವೆಂದು ಪ್ರಮಾಣಮಾಡಿ, ತಾವು ತಮ್ಮ ಆಯುಷ್ಯದಲ್ಲಿ ಪಾಷಂಡಿಗಳನ್ನು ಕಂಡದ್ದುಂಟೆ, ಕಂಡಿದ್ದರೆ ಎಲ್ಲಿ, ಯಾವಾಗ, ಯಾರ ಮನೆಯಲ್ಲಿ, ಜೊತೆಯಲ್ಲಿ ಯಾರಿದ್ದರು, ಅವರಿಗೆ ಅನ್ನವಿಕ್ಕಿದ್ದುಂಟೆ, ಅವರ ಮುಂದೆ ಮೊಣಕಾಲೂರಿದ್ದುಂಟೆ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಿ ಹೋದರು. ಸಭೆ ಕೂತ ದಿನಗಳು 201. ನಮಗೆ ಉಳಿದಿರುವ ದಾಖಲೆಯಲ್ಲಿ ಹೆಸರು ಕಾಣುವವರ ಸಂಖ್ಯೆ 5,471. ಅವರು ಮಾತಾಡಿದ್ದು ಆ ಸೀಮೆಯ ಆಡುನುಡಿಯಾದ ಆಕ್ಸಿತಾನಿನಲ್ಲಿ. ಬರವಣಿಗೆಗೆ ಇಳಿದದ್ದು ಲ್ಯಾಟಿನ್. ಅವರು ಉತ್ತಮ ಪುರುಷದಲ್ಲಿ ನುಡಿದದ್ದನ್ನೆಲ್ಲ ಲಿಪಿಕಾರನು ಪ್ರಥಮ ಪುರುಷಕ್ಕೆ ತಿರುಗಿಸಿ, ಹತ್ತು ಮಾತನ್ನು ಎರಡಕ್ಕೆ ಇಳಿಸಿ, ಕೇಳಿದ ಪ್ರಶ್ನೆಯನ್ನು ಬಹುಮಟ್ಟಿಗೆ ಬಿಟ್ಟು ಉತ್ತರವನ್ನು ಮಾತ್ರ ಉಳಿಸಿ, ಪುಟ ತುಂಬಿಸಿದನು. ಆತನ ಹಾಳೆಗಳೂ ಈಗ ಇಲ್ಲ. ಹದಿನೈದು ವರ್ಷಗಳ ತರುವಾಯ ಅದರಲ್ಲಿ ಒಂದು ಭಾಗವನ್ನು ಕಾಗದದ ಮೇಲೆ ನಕಲು ಮಾಡಿದ ಒಂದು ಗ್ರಂಥ ಮಾತ್ರ ತುಲೂಸಿನ ನಗರ ಗ್ರಂಥಾಲಯದಲ್ಲಿ 609 ಎಂಬ ಅಂಕೆಯನ್ನು ಹೊತ್ತು ಕುಳಿತಿದೆ.

ಯುರೋಪಿನ ಮಧ್ಯಯುಗದ ಧರ್ಮಜೀವನವನ್ನು ಕುರಿತು ಡಾಕ್ಟರೇಟ್ ಪದವಿಗಾಗಿ ಪ್ರಬಂಧ ಬರೆಯಲು ಹೊರಟ ಒಬ್ಬ ತರುಣನೋ ತರುಣಿಯೋ ಇಂಥ ಗ್ರಂಥವೊಂದರ ಮುಂದೆ ಮೊದಲ ದಿನ ಕುಳಿತಾಗ ಎದುರಾಗುವ ತೊಡಕು ದೇವರನ್ನು ಕುರಿತದ್ದಲ್ಲ, ಅಕ್ಷರವನ್ನು ಕುರಿತದ್ದು. ನೋಟರಿಗಳು ಬರೆಯುತ್ತಿದ್ದ ಲ್ಯಾಟಿನ್ ಕವಿಗಳ ಲ್ಯಾಟಿನ್ ಅಲ್ಲ. ಅದರಲ್ಲಿ ಪದಗಳನ್ನು ಅರ್ಧಕ್ಕೆ ಕತ್ತರಿಸಿ ಮೇಲೊಂದು ಗೀಟೆಳೆದಿರುತ್ತಾರೆ. ಒಂದೇ ಗೀಟು ಒಂದೆಡೆ ಒಂದಕ್ಷರಕ್ಕೆ, ಇನ್ನೊಂದೆಡೆ ಇಡೀ ಪ್ರತ್ಯಯಕ್ಕೆ ನಿಲ್ಲುತ್ತದೆ. ದಿನಾಂಕಗಳು ಸಂತರ ಹಬ್ಬಗಳ ಹೆಸರಿನಲ್ಲಿವೆ. ಇಂಗ್ಲೆಂಡಿನ ಕಾಗದವಾದರೆ 1752ಕ್ಕೆ ಹಿಂದಿನ ವರ್ಷ ಮಾರ್ಚ್ 25ರಂದು ಆರಂಭವಾಗುವುದರಿಂದ, ಫೆಬ್ರವರಿಯ ಸಂಗತಿಯೊಂದನ್ನು ಯಾವ ಇಸವಿಗೆ ಸೇರಿಸಬೇಕೆಂಬುದನ್ನೂ ನಿಂತು ಯೋಚಿಸಬೇಕು. ಈ ವಿದ್ಯೆಯನ್ನು ಕಲಿಸುವುದಕ್ಕೆಂದೇ ಪ್ಯಾರಿಸ್ಸಿನಲ್ಲಿ 1821ರಿಂದ ಎಕೋಲ್ ದೆ ಶಾರ್ತ್ ಎಂಬ ಶಾಲೆ ನಡೆದುಬಂದಿದೆ. ಫ್ರಾನ್ಸಿನಲ್ಲಿ 1984ರವರೆಗೂ ಜಾರಿಯಲ್ಲಿದ್ದ ದೊಡ್ಡ ಡಾಕ್ಟರೇಟ್ ಪದವಿಗೆ ಹತ್ತು ಹನ್ನೆರಡು ವರ್ಷ ದುಡಿದು, ಇಟ್ಟಿಗೆಯಂತಹ ಎರಡು ಸಂಪುಟಗಳನ್ನು ಪರೀಕ್ಷಕರ ಮುಂದೆ ತಂದಿಡುವುದು ವಾಡಿಕೆಯಾಗಿತ್ತು. ಈಗಿನ ವಿದ್ಯಾರ್ಥಿಗೆ ಬಹುತೇಕ ಮೂರೋ ನಾಲ್ಕೋ ವರ್ಷದ ವೇತನ. ಅದರಲ್ಲಿ ಲಿಪಿ ಕಣ್ಣಿಗೆ ಹತ್ತುವಷ್ಟರಲ್ಲೇ ಒಂದು ವರ್ಷ ಸಂದುಹೋಗುತ್ತದೆ.

ಆದರೆ ನಿಜವಾದ ಕಷ್ಟ ಲಿಪಿ ಓದಲು ಬಂದ ಮೇಲೆ ಆರಂಭವಾಗತಕ್ಕದ್ದು. ಪೋಪರು, ಮಹಾಸಭೆಗಳು, ದೇವತಾಶಾಸ್ತ್ರಜ್ಞರು, ರಾಜರು ಇವರ ಇತಿಹಾಸವನ್ನು ಬರೆಯುವವನಿಗೆ ಆಯಾ ಜನರ ಸ್ವಂತ ಬರಹಗಳೇ ದೊರೆಯುತ್ತವೆ. ಕಳೆದ ಅರುವತ್ತು ಎಪ್ಪತ್ತು ವರ್ಷಗಳಿಂದ ಸಂಶೋಧಕರ ಲಕ್ಷ್ಯ ತಿರುಗಿರುವುದು ಓದು ಬರಹ ಬಾರದ ಒಕ್ಕಲಿಗನೂ ಅವನ ಹೆಂಡತಿಯೂ ಏನನ್ನು ನಂಬಿದ್ದರು, ಹಬ್ಬದ ದಿನ ಏನು ಮಾಡುತ್ತಿದ್ದರು, ಸಾಯುವಾಗ ಯಾವುದಕ್ಕೆ ಹೆದರುತ್ತಿದ್ದರು ಎಂಬ ಕಡೆಗೆ. ಇವರು ತಮ್ಮ ಕೈಯಿಂದ ಒಂದಕ್ಷರವನ್ನೂ ಬರೆದವರಲ್ಲ. ಅವರ ಪರವಾಗಿ, ಅಥವಾ ಅವರಿಗೆ ವಿರೋಧವಾಗಿ, ಬೇರೆ ಯಾರೋ ಬರೆದಿದ್ದಾರೆ: ವಿಚಾರಣೆಯ ನೋಟರಿ, ಉಯಿಲು ಬರೆಯುವ ಊರಿನ ಲಿಪಿಕಾರ, ಇಗರ್ಜಿಯ ಲೆಕ್ಕ ಇಟ್ಟ ಪಾದ್ರಿ. ನಮ್ಮ ಹಳೆಯ ಶಾನುಭೋಗನ ಕಡತದಿಂದ ಒಂದು ಊರಿನ ಬೆಳೆಯನ್ನೂ ಕಂದಾಯವನ್ನೂ ತಿಳಿಯಬಹುದಾದರೂ, ಆ ಊರಿನವರು ಶಾನುಭೋಗನನ್ನು ಏನೆನ್ನುತ್ತಿದ್ದರೆಂಬುದು ಅದರಲ್ಲಿ ಬರೆದಿರುವುದಿಲ್ಲವಷ್ಟೆ, ಇದೂ ಹಾಗೆಯೇ. ಹೀಗೆ ನಡುವೆ ನಿಂತಿರುವ ಆ ಮನುಷ್ಯನನ್ನು ಎಷ್ಟರಮಟ್ಟಿಗೆ ನಂಬಬೇಕು, ಎಲ್ಲಿ ಅವನ ಭುಜದ ಮೇಲಿಂದ ಇಣುಕಿ ನೋಡಬಹುದು ಎಂಬುದನ್ನು ಕಲಿಯುವುದರಲ್ಲಿಯೇ ಈ ಕ್ಷೇತ್ರದ ಡಾಕ್ಟರೇಟ್ ವ್ಯಾಸಂಗದ ಬಹುಭಾಗ ಅಡಗಿದೆ ಎಂದು ನನ್ನ ಎಣಿಕೆ.

ತುಲೂಸಿನ 609ನೆಯ ಗ್ರಂಥದಿಂದಲೇ ಇದಕ್ಕೆ ಸಾಕ್ಷಿ ತೆಗೆಯಬಹುದು. ಆ ಸೀಮೆಯ ಮೇಲೆ ಪೋಪ್ ಮೂರನೆಯ ಇನೊಸೆಂಟನು ಕರೆಕೊಟ್ಟ ಧರ್ಮಯುದ್ಧ 1209ರಿಂದ 1229ರವರೆಗೆ ನಡೆದು, ಬೆಝಿಯೆ ಪಟ್ಟಣದ ಹತ್ಯಾಕಾಂಡವೇ ಮೊದಲಾದ ಘೋರಗಳು ಸಂಭವಿಸಿ, ಕಡೆಗೆ 1244ರ ಮಾರ್ಚಿನಲ್ಲಿ ಮೊಂಸೆಗ್ಯುರ್ ಎಂಬ ಗಿರಿದುರ್ಗ ಬಿದ್ದು, ಇನ್ನೂರಕ್ಕೂ ಮಿಕ್ಕ ಜನ ಬೆಂಕಿಗೆ ಆಹುತಿಯಾದರು. ಸತ್ತವರು ಕ್ಯಾಥರರೆಂಬ ಒಂದು ಪ್ರತಿಧರ್ಮಸಂಸ್ಥೆಗೆ ಸೇರಿದವರು. ಆ ಸಂಸ್ಥೆಗೆ ತನ್ನದೇ ಬಿಷಪ್ಪರಿದ್ದರು. ಒಳ್ಳೆಯ ದೇವರೊಬ್ಬ, ಈ ಜಡಪ್ರಪಂಚವನ್ನು ನಿರ್ಮಿಸಿದ ಕೆಟ್ಟ ಶಕ್ತಿಯೊಂದು ಎಂಬ ದ್ವೈತಸಿದ್ಧಾಂತ ಅವರದು. ಅದು ಬಾಲ್ಕನ್ ದೇಶಗಳಿಂದ ಇತ್ತ ಬಂದದ್ದು. ಇದು ಬಹುಕಾಲ ಪಾಠಪುಸ್ತಕಗಳಲ್ಲಿದ್ದ ಕಥೆ. 2001ರಲ್ಲಿ ಎರಡು ಪುಸ್ತಕಗಳು ಹೊರಬಂದವು. ಎರಡೂ ಡಾಕ್ಟರೇಟ್ ಪ್ರಬಂಧಗಳಿಂದ ಬೆಳೆದವು. ಎರಡೂ ಇದೇ ಜಾತಿಯ ಕಡತಗಳನ್ನು ಓದಿದವು. ಎರಡೂ ಬೇರೆ ಬೇರೆ ದಾರಿ ಹಿಡಿದವು. ಪ್ರಿನ್ಸ್‌ಟನ್ನಿನಲ್ಲಿ ವ್ಯಾಸಂಗ ಮಾಡಿದ ಮಾರ್ಕ್ ಪೆಗ್ 609ನೆಯ ಗ್ರಂಥವನ್ನೇ ಹಿಡಿದು ಕೂತು, ಅದರಲ್ಲಿ ಸಾಕ್ಷಿ ನುಡಿದ ಹಳ್ಳಿಗರು ಯಾರನ್ನೂ ಕ್ಯಾಥರರೆಂದು ಕರೆದೇ ಇಲ್ಲ, ಸಜ್ಜನರು, ಸತಿಯರು ಎನ್ನುವಂತೆ ಒಳ್ಳೆಯ ಗಂಡಸರು, ಒಳ್ಳೆಯ ಹೆಂಗಸರು ಎಂದಿದ್ದಾರೆ, ದೊಡ್ಡವರು ಎದುರಾದಾಗ ಮೂರು ಸಲ ಬಾಗಿ ಆಶೀರ್ವಾದ ಬೇಡುವುದು ಆ ನಾಡಿನ ಮರ್ಯಾದೆಯ ಒಂದು ರೀತಿಯಾಗಿದ್ದಿತು, ಅದನ್ನು ಆರಾಧನೆಯೆಂದು ಬರೆದುಕೊಂಡವರು ವಿಚಾರಣೆ ನಡೆಸಿದ ಸಂನ್ಯಾಸಿಗಳು ಎಂದು ವಾದಿಸಿದರು. ಯಾರ್ಕ್ ವಿಶ್ವವಿದ್ಯಾಲಯದ ಜಾನ್ ಆರ್ನಲ್ಡ್ ಆದರೋ, ಪ್ರಶ್ನಿಸುವ ಕ್ರಮವೇ ಪ್ರಶ್ನೆಗೆ ಒಳಗಾದವನನ್ನು ತನ್ನ ಒಳಗನ್ನು ತಾನೇ ತಡಕಿ ನಂಬಿಕೆಯೊಂದನ್ನು ಹೊರತೆಗೆದು ಒಪ್ಪಿಸಬೇಕಾದ ವ್ಯಕ್ತಿಯನ್ನಾಗಿ ಹೇಗೆ ರೂಪಿಸಿತು ಎಂಬುದನ್ನು ತೋರಿಸಿ, ಆದಾಗ್ಯೂ ಆ ಚೌಕಟ್ಟಿಗೆ ಹಿಡಿಸದೆ ಹೊರಗೆ ಚೆಲ್ಲಿದ ಮಾತುಗಳು ಕಡತದಲ್ಲಿ ಇದ್ದೇ ಇವೆ ಎಂದರು.

ಪೆಗ್ ಅವರ ವಾದವನ್ನು ಆರ್. ಐ. ಮೂರ್ ಎಂಬ ಹಿರಿಯ ವಿದ್ವಾಂಸರು 2012ರಲ್ಲಿ ಇನ್ನೂ ಮುಂದಕ್ಕೆ ಒಯ್ದರು. ಯಾರ್ಕಿನ ಪೀಟರ್ ಬಿಲ್ಲರ್ ಮೊದಲಾದವರು ಕಟುವಾಗಿ ಖಂಡಿಸಿದರು. ಉಭಯ ಪಕ್ಷಗಳ ಲೇಖನಗಳನ್ನು ಒಂದೇ ರಟ್ಟಿನೊಳಗೆ ಸೇರಿಸಿದ ಸಂಪುಟ 2016ರಲ್ಲಿ ಬಂತು, ಜಗಳವೇನೋ ತೀರಲಿಲ್ಲ. ಈ ಲೇಖಕನಿಗೆ ತೋರುವುದು ಇಷ್ಟು: ಹಳ್ಳಿಯ ಮರ್ಯಾದೆಯನ್ನು ಪಾಷಂಡವೆಂದು ಬರೆದುಕೊಂಡರು ಎಂಬ ಮಾತು ಅನೇಕ ಪುಟಗಳಿಗೆ ಸಲ್ಲುತ್ತದೆ; ಆದರೆ ಸಾಯುವ ಗಳಿಗೆಯಲ್ಲಿ ಪಾದ್ರಿಯನ್ನು ಬಿಟ್ಟು ಆ ಸಜ್ಜನರನ್ನೇ ಕರೆಸಿ, ಅವರ ಹಸ್ತವನ್ನು ತಲೆಯ ಮೇಲೆ ಇರಿಸಿಕೊಂಡು ಪ್ರಾಣಬಿಡಬೇಕೆಂದು ಹಂಬಲಿಸಿದವರನ್ನು ಬರಿಯ ಮರ್ಯಾದೆಯ ಲೆಕ್ಕಕ್ಕೆ ಸೇರಿಸುವುದು ಕಷ್ಟ. ಲಿಪಿಕಾರನನ್ನು ಅನುಮಾನಿಸುವುದು ವಿದ್ಯೆ. ಅನುಮಾನಿಸುತ್ತ ಹೋಗಿ ಕಡೆಗೆ ಅವನ ಎದುರಿಗೆ ನಿಂತಿದ್ದವರನ್ನೇ ಅಳಿಸಿಹಾಕಿದರೆ ಅದು ಅತಿಯಾಯಿತು.

ಇಷ್ಟಕ್ಕೂ ನಮ್ಮ ಕೈಸೇರಿರುವ ಕಡತಗಳಲ್ಲಿ ಅನೇಕವು ನಕಲಿನ ನಕಲುಗಳು. ಹದಿನೇಳನೆಯ ಶತಮಾನದಲ್ಲಿ, ಹದಿನಾಲ್ಕನೆಯ ಲೂಯಿಯ ಮಂತ್ರಿ ಕೊಲ್ಬೆರನ ಅಪ್ಪಣೆಯಂತೆ ಝಾನ್ ದ ದ್ವಾ ಎಂಬ ಅಧಿಕಾರಿಯು ದಕ್ಷಿಣದ ಮಠಗಳನ್ನೂ ಊರುಗಳನ್ನೂ ಸುತ್ತಿ ಬರೆಸಿಕೊಂಡು ಬಂದ 258 ಸಂಪುಟಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಕೊಲ್ಬೆರನಿಗೆ ಬೇಕಾಗಿದ್ದದ್ದು ಅರಸನ ಹಕ್ಕುಬಾಧ್ಯತೆಗಳ ಪುರಾವೆ. ಪಾಷಂಡಿಗಳು ಅದರೊಡನೆ ಅನಾಯಾಸವಾಗಿ ಉಳಿದುಕೊಂಡರು. ಮೂಲಗಳು ಬಹುಪಾಲು ನಷ್ಟವಾದುದರಿಂದ, ಹದಿಮೂರನೆಯ ಶತಮಾನದ ಒಬ್ಬ ರೈತ ಹೆಂಗಸಿನ ಮಾತು ನಮಗೆ ತಲಪುವ ಹೊತ್ತಿಗೆ ಒಬ್ಬ ಭಾಷಾಂತರಕಾರನನ್ನೂ ಇಬ್ಬರು ಮೂವರು ನಕಲುಗಾರರನ್ನೂ ದಾಟಿ ಬಂದಿರುತ್ತದೆ.

ಈ ಜಾತಿಯ ದಾಖಲೆಗಳಲ್ಲಿ ಲೋಕಪ್ರಸಿದ್ಧವಾದದ್ದು ಪಾಮಿಯೆ ಪಟ್ಟಣದ ಬಿಷಪ್ ಝಾಕ್ ಫೂರ್ನಿಯೆಯದು. ಈತ ಸಾಮಾನ್ಯ ಮನೆತನದಲ್ಲಿ ಹುಟ್ಟಿ, ಸಿಸ್ಟರ್ಸಿಯನ್ ಸಂನ್ಯಾಸಿಯಾಗಿ, ಪ್ಯಾರಿಸ್ಸಿನಲ್ಲಿ ದೇವತಾಶಾಸ್ತ್ರದ ಡಾಕ್ಟರನಾದವನು. ವಿಚಾರಣೆ ನಡೆಸಿದವನೂ ಒಬ್ಬ ಡಾಕ್ಟರ್, ಆರುನೂರು ವರ್ಷಗಳ ಮೇಲೆ ಅವನ ಕಡತವನ್ನು ವಿಚಾರಣೆಗೆ ಗುರಿಪಡಿಸಿದವರೂ ಡಾಕ್ಟರುಗಳು! 1318ರಿಂದ 1325ರವರೆಗೆ 370 ದಿನ ಸಭೆ ಕೂಡಿಸಿ, 98 ಪ್ರಕರಣಗಳಲ್ಲಿ 578 ಸಲ ಪ್ರಶ್ನೋತ್ತರ ನಡೆಸಿದ ಈತನು, ಅಂದಿನ ಇತರ ವಿಚಾರಕರಂತೆ ನಿಗದಿಯಾದ ಪ್ರಶ್ನಾವಳಿಯನ್ನು ಒಪ್ಪಿಸಿ ಮುಗಿಸುವ ಸ್ವಭಾವದವನಾಗಿರಲಿಲ್ಲ. ಒಬ್ಬನು ಹೇಳಿದ್ದು ಇನ್ನೊಬ್ಬಳು ಹೇಳಿದ್ದಕ್ಕೆ ಹೊಂದದಿದ್ದರೆ ಮತ್ತೆ ಕರೆಸುವನು. ಅಡಿಗೆಮನೆಯಲ್ಲಿ ಯಾರು ಎಲ್ಲಿ ಕೂತಿದ್ದರೆಂದು ಕೇಳುವನು. ಆ ದಿನ ಯಾರ ತಲೆಯಲ್ಲಿ ಯಾರು ಹೇನು ತೆಗೆಯುತ್ತಿದ್ದರು ಎಂಬುದೂ ಅವನ ಕಡತದಲ್ಲಿ ದಾಖಲಾಯಿತು. ಐವರನ್ನು ಸುಡಿಸಿದನು, ಅನೇಕರನ್ನು ಸೆರೆಗೆ ಹಾಕಿ, ಬಿಡುಗಡೆಯ ಮೇಲೆ ಬಟ್ಟೆಗೆ ಹಳದಿಯ ಶಿಲುಬೆ ಹೊಲಿದುಕೊಂಡು ತಿರುಗುವಂತೆ ವಿಧಿಸಿದನು. 1334ರಲ್ಲಿ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪನಾದನು. ಅವನ ಹಿಂದೆಯೇ ಆವಿನ್ಯೋಂಗೆ, ಅಲ್ಲಿಂದ ರೋಮಿಗೆ ಹೋದ ಚರ್ಮಪತ್ರದ ಸಂಪುಟವೊಂದು ವ್ಯಾಟಿಕನ್ ಗ್ರಂಥಾಲಯದಲ್ಲಿ ಲ್ಯಾಟಿನ್ 4030 ಎಂಬ ಅಂಕಿತದಲ್ಲಿ ಉಳಿದಿದೆ.

ಆ ಸಂಪುಟದಲ್ಲಿ ಪಿರೆನೀಸ್ ಬೆಟ್ಟಸಾಲಿನ ಮೊಂತಾಯು ಎಂಬ, ಇನ್ನೂರೈವತ್ತು ಜನರ ಒಂದು ಹಳ್ಳಿ ಉಸಿರಾಡುತ್ತಿದೆ. ಹಳ್ಳಿಯ ಪಾದ್ರಿ ಪಿಯೆರ್ ಕ್ಲೆರ್ಗ್ ಗುಟ್ಟಾಗಿ ಪಾಷಂಡಿಗಳ ಪಕ್ಷ, ಬಹಿರಂಗವಾಗಿ ವಿಚಾರಣೆಯವರ ಕಿವಿ, ನಡುವೆ ಊರಿನ ಹೆಂಗಸರ ಮೇಲೆಲ್ಲ ಕಣ್ಣು. ಅಲ್ಲಿನ ಕೋಟೆಯ ಅಧಿಕಾರಿಯ ವಿಧವೆ ಬೆಯಾತ್ರಿಸ್ ದ ಪ್ಲಾನಿಸೋಲ್ ಎಂಬವಳನ್ನು ಹಿಡಿದು ತಂದಾಗ ಅವಳ ಚೀಲದಲ್ಲಿ ಮೊಮ್ಮಕ್ಕಳ ಒಣಗಿದ ಹೊಕ್ಕುಳ ಬಳ್ಳಿಗಳು ಸಿಕ್ಕಿದವು. ಗಂಡು ಮಗುವಿನ ಹೊಕ್ಕುಳ ಬಳ್ಳಿ ಜೊತೆಯಲ್ಲಿದ್ದರೆ ವ್ಯಾಜ್ಯದಲ್ಲಿ ಸೋಲಿಲ್ಲವೆಂದು, ಮತಾಂತರಗೊಂಡ ಯೆಹೂದ್ಯ ಹೆಂಗಸೊಬ್ಬಳು ತನಗೆ ಹೇಳಿಕೊಟ್ಟಳೆಂದು ಆಕೆ ಉತ್ತರಿಸಿದಳು. ಇದು ಕ್ಯಾಥರ ಸಿದ್ಧಾಂತವೂ ಅಲ್ಲ, ಕ್ಯಾಥೊಲಿಕ ಸಿದ್ಧಾಂತವೂ ಅಲ್ಲ. ಧರ್ಮದ ಇತಿಹಾಸವನ್ನು ಸಿದ್ಧಾಂತಗಳ ಇತಿಹಾಸವೆಂದು ಭಾವಿಸಿ ಬಂದ ವಿದ್ಯಾರ್ಥಿ ಇಲ್ಲಿ ಒಂದು ಗಳಿಗೆ ತಬ್ಬಿಬ್ಬಾಗಬೇಕಾದದ್ದೇ.

ಈ ಸಂಪುಟದ ಲ್ಯಾಟಿನ್ ಪಾಠವನ್ನು ಝಾನ್ ದ್ಯುವೆರ್ನುವಾ 1965ರಲ್ಲಿ ಮೂರು ಭಾಗವಾಗಿ ಅಚ್ಚು ಮಾಡಿಸಿದರು. ಹತ್ತು ವರ್ಷಗಳ ಮೇಲೆ ಎಮಾನ್ಯುಎಲ್ ಲ ರ್ವಾ ಲಾದುರಿ ಎಂಬ ಇತಿಹಾಸಕಾರರು ಅದರಿಂದ ಮೊಂತಾಯುವಿನ ಕಥೆಯನ್ನು ಕಟ್ಟಿ, ಮನೆಮನೆಯಲ್ಲೂ ಓದುವಂಥ ಪುಸ್ತಕವೊಂದನ್ನು ಕೊಟ್ಟರು. ಲಾಂಗ್‌ದಾಕ್ ಪ್ರಾಂತದ ರೈತರನ್ನು ಕುರಿತ, 1966ರಲ್ಲಿ ಪ್ರಕಟವಾದ ಅವರ ಡಾಕ್ಟರೇಟ್ ಪ್ರಬಂಧವು ಧಾನ್ಯದ ಬೆಲೆ, ದಶಮಾಂಶ ತೆರಿಗೆ, ಜನಸಂಖ್ಯೆಗಳ ಗ್ರಂಥವಾಗಿತ್ತು. ಅಂಕಿಗಳಲ್ಲಿ ಹತ್ತಾರು ವರ್ಷ ಕಳೆದವರಿಗೆ ಒಮ್ಮೆಗೇ ಮನುಷ್ಯರು ಮಾತಾಡುವ ಕಡತ ಕೈಗೆ ಸಿಕ್ಕಿದಾಗ ಆದ ಆನಂದ ಮೊಂತಾಯುವಿನ ಪುಟಪುಟದಲ್ಲೂ ಕಾಣುತ್ತದೆ. ಆನಂದ ಹೆಚ್ಚಾದಲ್ಲಿ ಎಚ್ಚರ ಕಡಮೆಯಾಯಿತೆಂದು ಬಲ್ಲವರು ಬೇಗನೆ ತೋರಿಸಿದರು. ಡೊಮಿನಿಕನ್ ಸಂನ್ಯಾಸಿಯೂ ಲಿಪಿಶಾಸ್ತ್ರನಿಪುಣರೂ ಆಗಿದ್ದ ಲಿಯೊನಾರ್ಡ್ ಬಾಯ್ಲ್ 1981ರ ಲೇಖನವೊಂದರಲ್ಲಿ ಲ್ಯಾಟಿನ್ ಮೂಲವನ್ನು ಪಕ್ಕಕ್ಕಿಟ್ಟುಕೊಂಡು ತಪ್ಪುಗಳನ್ನು ಒಂದೊಂದಾಗಿ ಎತ್ತಿ ಆಡಿದರು. ಮಾನವಶಾಸ್ತ್ರಜ್ಞ ರೆನಾಟೊ ರೊಸಾಲ್ಡೊ 1986ರಲ್ಲಿ, ಈ ಗ್ರಂಥಕರ್ತರು ಪೀಠಿಕೆಯಲ್ಲಿ ಬಿಷಪ್ಪನ ಅಧಿಕಾರವನ್ನು ಒಂದು ಬಾರಿ ನೆನೆದು, ಮುಂದಕ್ಕೆ ಅವನನ್ನು ಕೋಣೆಯಿಂದ ಹೊರಗೆ ಕಳುಹಿಸಿ, ಕುರುಬರು ತಮ್ಮಷ್ಟಕ್ಕೆ ಹರಟುತ್ತಿದ್ದರೋ ಎಂಬಂತೆ ಬರೆದಿದ್ದಾರೆಂದು ಆಕ್ಷೇಪಿಸಿದರು. ಆಕ್ಷೇಪ ಯುಕ್ತವಾದದ್ದು. ಆದರೂ ಆ ಪುಸ್ತಕವನ್ನು ಓದಿದ ಬಳಿಕ ಈ ವಿದ್ಯೆಗೆ ಮನಸೋತ ವಿದ್ಯಾರ್ಥಿಗಳು ಎಷ್ಟೋ. ಬಾಯ್ಲರ ಲೇಖನವನ್ನು ಓದಿ ಮನಸೋತವರು ಇದ್ದರೆ ಅವರು ಹುಟ್ಟಾ ವಿದ್ವಾಂಸರೇ ಸರಿ.

ಲಿಪಿಕಾರನನ್ನು ದಾಟುವ ಉಪಾಯವೊಂದನ್ನು ಇಟಲಿಯ ಕಾರ್ಲೊ ಗಿನ್ಸ್‌ಬುರ್ಗ್ ತೋರಿಸಿಕೊಟ್ಟರು. ಪೀಸಾದಲ್ಲಿ ವ್ಯಾಸಂಗ ಮುಗಿಸಿದ ತರುಣಾವಸ್ಥೆಯಲ್ಲಿ ವೆನಿಸ್ಸಿನ ಪತ್ರಾಗಾರದಲ್ಲಿ ಅವರಿಗೆ 1591ರ ಒಂದು ವಿಚಾರಣೆಯ ಕಾಗದ ಸಿಕ್ಕಿತು: ಮೆನಿಕಿನೊ ಎಂಬ ದನಗಾಹಿಯು ತಾನು ಬೆನಂದಾಂತಿಗಳಲ್ಲೊಬ್ಬ ಎಂದು ಹೇಳಿಕೊಂಡಿದ್ದನು. ಆ ಎಳೆಯನ್ನು ಹಿಡಿದು ಅವರು ಇಟಲಿಯ ಈಶಾನ್ಯ ಮೂಲೆಯ ಫ್ರಿಯುಲಿ ಪ್ರಾಂತಕ್ಕೆ, ಅಲ್ಲಿಯ ಊದಿನೆಯ ಆರ್ಚ್‌ಬಿಷಪ್ಪರ ಕಚೇರಿಯ ಕಡತಗಳಿಗೆ ಹೋದರು. 1575ರಷ್ಟು ಹಿಂದೆಯೇ ಪಾಓಲೊ ಗಾಸ್ಪರುತ್ತೊ ಎಂಬೊಬ್ಬನು ವಿಚಾರಕರಿಗೆ ಹೇಳಿದ ಕಥೆ ಅಲ್ಲಿತ್ತು. ನೆತ್ತಿಯ ಮೇಲೆ ಗರ್ಭದ ಪೊರೆ ಹೊತ್ತು ಹುಟ್ಟಿದ ಮಕ್ಕಳು ಬೆಳೆದ ಮೇಲೆ, ವರ್ಷಕ್ಕೆ ನಾಲ್ಕು ಋತುಸಂಧಿಗಳ ಉಪವಾಸದ ದಿನಗಳಲ್ಲಿ, ದೇಹ ಹಾಸಿಗೆಯಲ್ಲಿರುವಾಗಲೇ ಜೀವ ಹೊರಟು, ಸೋಂಪಿನ ಗಿಡದ ಕಟ್ಟುಗಳನ್ನು ಕೈಯಲ್ಲಿ ಹಿಡಿದು, ಜೋಳದ ದಂಟು ಹಿಡಿದ ಮಾಟಗಾರರೊಡನೆ ಹೊಲಗಳಲ್ಲಿ ಕಾದಾಡುತ್ತಾರೆ; ಇವರೇ ಬೆನಂದಾಂತಿಗಳು. ಗೆದ್ದರೆ ಆ ವರ್ಷ ಸುಭಿಕ್ಷ, ಸೋತರೆ ಬರ. ವಿಚಾರಕರಿಗೆ ಇದು ಅರ್ಥವೇ ಆಗಲಿಲ್ಲ. ಮಾಟಗಾತಿಯರು ಸೈತಾನನ ಸಭೆಗೆ ಹೋಗುತ್ತಾರೆಂಬುದು ಅವರ ಗ್ರಂಥಗಳಲ್ಲಿತ್ತು. ಕ್ರಿಸ್ತನ ಪರವಾಗಿ ಬೆಳೆ ಕಾಯಲು ಇರುಳಲ್ಲಿ ಹಾರಿಹೋಗುವವರು ಯಾವ ಗ್ರಂಥದಲ್ಲೂ ಇರಲಿಲ್ಲ. ಆದ್ದರಿಂದ ಅವರು ಸೈತಾನನನ್ನು ಕುರಿತೇ ಮತ್ತೆ ಮತ್ತೆ ಕೇಳಿದರು. ಆ ರೈತನು ಇಲ್ಲ, ಹಾಗಲ್ಲ ಎಂದು ಮತ್ತೆ ಮತ್ತೆ ಸೋಂಪಿಗೇ ಬಂದನು.

ಪ್ರಶ್ನೆಯೂ ಉತ್ತರವೂ ಹೀಗೆ ಒಂದಕ್ಕೊಂದು ಕೂಡದೆ ಹೋಗುವ ಜಾಗವನ್ನೇ ಗಿನ್ಸ್‌ಬುರ್ಗ್ ಹಿಡಿದರು. ಕೇಳಿದವನ ತಲೆಯಲ್ಲಿ ಇಲ್ಲದ್ದು ಕಡತದಲ್ಲಿ ಇದೆ ಎಂದಾದರೆ ಅದು ಉತ್ತರ ಹೇಳಿದವನಿಂದಲೇ ಬಂದಿರಬೇಕು. ಅವರ ಗ್ರಂಥ 1966ರಲ್ಲಿ ಹೊರಬಂತು. ಅದರಲ್ಲಿ ಮನಸ್ಸನ್ನು ಕಲಕುವ ಭಾಗ ಇದಲ್ಲ, ಮುಂದಿನದು. ಎಪ್ಪತ್ತು ವರ್ಷಗಳ ಕಾಲ ಅದೇ ಪ್ರಶ್ನೆಗಳು ಹಳ್ಳಿಯಿಂದ ಹಳ್ಳಿಗೆ, ವಿಚಾರಣೆಯಿಂದ ವಿಚಾರಣೆಗೆ ಬೀಳುತ್ತ ಬಂದು, 1640ರ ದಶಕದ ಹೊತ್ತಿಗೆ ಬೆನಂದಾಂತಿಗಳು ತಾವೇ ಸೈತಾನನ ಸಭೆಗೆ ಹೋಗುತ್ತಿದ್ದೆವೆಂದು ಒಪ್ಪಿಕೊಳ್ಳತೊಡಗಿದರು. ಲಿಪಿಕಾರನ ಕೈಬರಹವು ನಂಬಿಕೆಯನ್ನು ದಾಖಲು ಮಾಡುತ್ತ ಮಾಡುತ್ತ ಅದನ್ನು ತಿದ್ದಿಯೂ ಬಿಟ್ಟಿತ್ತು. ರೋಮಿನ ಕೇಂದ್ರ ವಿಚಾರಣಾಪೀಠದ ಪತ್ರಾಗಾರವನ್ನು 1998ರಲ್ಲಿ ವಿದ್ವಾಂಸರಿಗೆ ತೆರೆದ ಬಳಿಕ ಇಂಥ ಪ್ರಕರಣಗಳಲ್ಲಿ ರೋಮಿನಿಂದ ಪ್ರಾಂತಕ್ಕೆ ಏನು ಬರೆದರು, ಎಷ್ಟು ಬಾರಿ ಅವಸರ ಬೇಡವೆಂದು ತಡೆದರು ಎಂಬುದನ್ನು ಹುಡುಕುವುದೇ ಹೊಸ ಪ್ರಬಂಧಗಳಿಗೆ ವಸ್ತುವಾಗಿದೆ.

ನ್ಯಾಯಪೀಠದ ಕಾಗದ ಹಾಗಿರಲಿ, ತಾನಾಗಿಯೇ ಕರೆದು ಬರೆಸಿದ ಉಯಿಲಿನಲ್ಲಾದರೂ ಮನುಷ್ಯನ ಸ್ವಂತ ನಂಬಿಕೆ ಇರಬೇಡವೆ? ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಉಯಿಲಿನ ಮೊದಲ ವಾಕ್ಯ ಆತ್ಮವನ್ನು ಕುರಿತದ್ದು. ಹಳೆಯ ಮತದವನು ಆತ್ಮವನ್ನು ದೇವರಿಗೆ, ಮಾತೆ ಮರಿಯಳಿಗೆ, ಸ್ವರ್ಗದ ಸಮಸ್ತ ಸಂತರಿಗೆ ಒಪ್ಪಿಸುವನು; ಹೊಸ ಮತದವನು ಕ್ರಿಸ್ತನ ಯಾತನೆಯ ಪುಣ್ಯವೊಂದರಿಂದಲೇ ಉದ್ಧಾರವೆಂದು ಬರೆಸುವನು. ಈ ವ್ಯತ್ಯಾಸವನ್ನು ಅಳತೆಗೋಲಾಗಿ ಹಿಡಿದು ಎ. ಜಿ. ಡಿಕನ್ಸ್ 1959ರಲ್ಲಿ, ಯಾರ್ಕ್ ಪ್ರಾಂತದಲ್ಲಿ ಪ್ರಾಟೆಸ್ಟಂಟ್ ಮತ ಹಬ್ಬಿದ ವೇಗವನ್ನು ಎಣಿಸಿದರು. ಎಣಿಕೆ ಬಲು ಅಚ್ಚುಕಟ್ಟಾಗಿತ್ತು. ಕೇಂಬ್ರಿಡ್ಜ್ ಜಿಲ್ಲೆಯ ಕೆಲವೇ ಹಳ್ಳಿಗಳನ್ನು ಆರಿಸಿಕೊಂಡು ಪ್ರಬಂಧ ಬರೆಯುತ್ತಿದ್ದ ಮಾರ್ಗರೆಟ್ ಸ್ಪಫರ್ಡ್ ಎಂಬಾಕೆ, ಉಯಿಲುಗಳ ಒಕ್ಕಣೆಯನ್ನಲ್ಲದೆ ಕೈಬರಹವನ್ನೂ ಸಾಕ್ಷಿಗಳ ಹೆಸರನ್ನೂ ಹೋಲಿಸಿ ನೋಡಿದರು. ಒಬ್ಬ ಲಿಪಿಕಾರನು ಬರೆದ ಉಯಿಲುಗಳಲ್ಲೆಲ್ಲ ಒಂದೇ ಬಗೆಯ ಭಕ್ತಿ; ಅದೇ ಊರಿನಲ್ಲಿ ಇನ್ನೊಬ್ಬನು ಬರೆದವುಗಳಲ್ಲಿ ಇನ್ನೊಂದು ಬಗೆ. ಸಾಯುತ್ತ ಮಲಗಿದವನು ಹಸು ಯಾರಿಗೆ, ಹಂಡೆ ಯಾರಿಗೆ ಎಂದು ಹೇಳಿದನು. ಆತ್ಮದ ವಾಕ್ಯವನ್ನು ಬರೆಯುವವನು ತನಗೆ ಬಂದ ಮಾದರಿಯಂತೆ ಬರೆದುಕೊಂಡನು. 1971ರಲ್ಲಿ ಅವರು ಪ್ರಕಟಿಸಿದ ಈ ಕಿರುಲೇಖನದ ತರುವಾಯ, ಉಯಿಲಿನ ಪೀಠಿಕೆಗಳನ್ನು ಬರಿದೆ ಎಣಿಸಿ ಫಲಿತಾಂಶ ಹೇಳುವ ಧೈರ್ಯವನ್ನು ಎಚ್ಚರವುಳ್ಳ ಯಾವ ವಿದ್ಯಾರ್ಥಿಯೂ ಮಾಡಲಾರನು. ಇಷ್ಟು ಸಣ್ಣ ಕೆಲಸದಿಂದ ಇಷ್ಟು ದೊಡ್ಡ ಪರಿಣಾಮವಾದ ನಿದರ್ಶನ ಈ ಕ್ಷೇತ್ರದಲ್ಲಿ ನನಗೆ ಬೇರೆ ತೋರದು.

ಹಾಗೆಂದು ಉಯಿಲುಗಳು ನಿರುಪಯೋಗಿಯಲ್ಲ. ಫ್ರಾನ್ಸಿನ ಮಿಶೆಲ್ ವೊವೆಲ್ ತಮ್ಮ ಡಾಕ್ಟರೇಟ್ ಪ್ರಬಂಧಕ್ಕಾಗಿ ಪ್ರೊವಾಂಸಿನ ಸಾವಿರಾರು ಉಯಿಲುಗಳನ್ನು ಓದಿ, ಹದಿನೆಂಟನೆಯ ಶತಮಾನದಲ್ಲಿ ಸತ್ತವರ ಆತ್ಮಕ್ಕಾಗಿ ಬರೆಸುವ ಪೂಜೆಗಳ ಸಂಖ್ಯೆ ಹೇಗೆ ಇಳಿಯಿತೆಂಬುದನ್ನು ಹಿಂಬಾಲಿಸಿದರು. ಅವರ ಗ್ರಂಥ 1973ರಲ್ಲಿ ಅಚ್ಚಾಯಿತು. ನೋಟರಿಯ ಮಾದರಿ ವಾಕ್ಯವು ಬಿಟ್ಟಿ. ಪೂಜೆಗೆ ಹಣ ಬೇಕು. ಹಣ ಬಿಚ್ಚಿದ ಕಡೆಯಲ್ಲಿ ನಂಬಿಕೆ ಲಿಪಿಕಾರನದಾಗಿರದೆ ಬರೆಸಿದವನದಾಗಿರುವ ಸಂಭವ ಹೆಚ್ಚು.

ಲಿಪಿಕಾರನೇ ಕಥಾನಾಯಕನಾಗುವ ಪ್ರಸಂಗವೂ ಒಂದುಂಟು. ಇಂಗ್ಲೆಂಡಿನ ಡೆವನ್ ಜಿಲ್ಲೆಯ ಉತ್ತರದ ಅಂಚಿನ ಮೋರ್‌ಬಾತ್ ಎಂಬ, 33 ಒಕ್ಕಲುಗಳ ಬಡ ಹಳ್ಳಿಗೆ ಕ್ರಿಸ್ಟಫರ್ ಟ್ರಿಕಿ ಎಂಬ ಪಾದ್ರಿ 1520ರಲ್ಲಿ ಬಂದು 1574ರಲ್ಲಿ ಸಾಯುವವರೆಗೆ ಅಲ್ಲಿಯೇ ಇದ್ದನು. ಎಂಟನೆಯ ಹೆನ್ರಿ, ಆರನೆಯ ಎಡ್ವರ್ಡ್, ಮೇರಿ, ಎಲಿಜಬೆತ್ ಎಂಬ ನಾಲ್ವರು ಅರಸರು ಮತವನ್ನು ನಾಲ್ಕು ಸಲ ತಿರುಗಿಸಿದರು. ಈತನು ಪೀಠ ಬಿಡಲಿಲ್ಲ. ಇಗರ್ಜಿಯ ಜಮಾಖರ್ಚನ್ನು ತನ್ನ ಕೈಯಿಂದಲೇ ಬರೆದು, ನೆರೆದ ಊರವರಿಗೆ ಓದಿ ಹೇಳುತ್ತಿದ್ದನು. ಸಂತ ಸಿಡ್ವೆಲ್ಲಳ ದೀಪದ ಖರ್ಚಿಗೆಂದು ಅವಳ ಹೆಸರಿನಲ್ಲಿ ಕುರಿಗಳಿದ್ದವು. ಅವನ್ನು ಊರಿನ ಮನೆಗಳು ಹಂಚಿಕೊಂಡು ಮೇಯಿಸುತ್ತಿದ್ದವು. ಯಾವ ಕುರಿ ಸತ್ತಿತು, ಯಾವುದರ ಉಣ್ಣೆ ಎಷ್ಟಕ್ಕೆ ಹೋಯಿತು ಎಲ್ಲ ಲೆಕ್ಕದಲ್ಲಿದೆ. ಉತ್ತರಕ್ರಿಯೆಯ ಪೂಜೆಗೆ ಕಪ್ಪು ಬಟ್ಟೆಯ ಉಡುಪೊಂದು ಬೇಕೆಂದು ಈತ ವರ್ಷಾನುಗಟ್ಟಲೆ ಕಾಸಿಗೆ ಕಾಸು ಸೇರಿಸಿ 1547ರಲ್ಲಿ ಅದನ್ನು ಪಡೆದನು; ಅಂಥ ಪೂಜೆಗೇ ಅವಕಾಶವಿಲ್ಲದ ಕಾಲ ಆಗಲೇ ಬಾಗಿಲಿಗೆ ಬಂದಿತ್ತು. ಕುರಿಗಳು ಮಾರಿಹೋದವು, ವಿಗ್ರಹಗಳು ಇಳಿದವು. 1549ರಲ್ಲಿ ಇಂಗ್ಲಿಷಿನ ಹೊಸ ಪ್ರಾರ್ಥನಾಗ್ರಂಥವನ್ನು ವಿರೋಧಿಸಿ ಪಶ್ಚಿಮ ಜಿಲ್ಲೆಗಳು ದಂಗೆಯೆದ್ದಾಗ, ಊರಿನ ಐವರು ಯುವಕರನ್ನು ಎಕ್ಸಿಟರಿನ ಹೊರಗಣ ದಂಗೆಕೋರರ ಬಿಡಾರಕ್ಕೆ ಕಳುಹಿಸಿದ ಖರ್ಚನ್ನೂ ಈ ಪಾದ್ರಿ ಇಗರ್ಜಿಯ ಲೆಕ್ಕದಲ್ಲಿಯೇ ಬರೆದಿಟ್ಟನು.

ಈ ಲೆಕ್ಕದ ಪುಸ್ತಕ 1904ರಲ್ಲಿಯೇ ಅಚ್ಚಾಗಿದ್ದರೂ, ಅದರಲ್ಲಿ ಒಂದು ಊರಿನ ದುಃಖವನ್ನು ಓದಿದವರು ಈಮನ್ ಡಫಿ. ಅವರ ಗ್ರಂಥವೂ, ಆಕಸ್ಮಿಕವೋ ಏನೋ, ಅದೇ 2001ರದು. ಡಫಿಯವರಿಗೆ ಹಳೆಯ ಮತದ ಮೇಲೆ ಇರುವ ಮಮತೆ ಬಚ್ಚಿಟ್ಟದ್ದಲ್ಲ, ಅದನ್ನು ಒಪ್ಪದವರು ಅನೇಕರಿದ್ದಾರೆ. ಆ ಊರಿನಲ್ಲಿ ವಿಗ್ರಹ ಇಳಿದದ್ದಕ್ಕೆ ಒಳಗೊಳಗೆ ಸಂತೋಷಪಟ್ಟವನೊಬ್ಬನಿದ್ದಿದ್ದರೆ, ಪಾದ್ರಿಯ ಲೆಕ್ಕದಲ್ಲಿ ಅವನ ಮಾತು ಹೇಗೆ ತಾನೇ ಬಂದೀತು? ಈ ಪ್ರಶ್ನೆಯನ್ನು ಕೇಳಿಕೊಂಡೂ ಮೋರ್‌ಬಾತಿನ ಪುಟಗಳಿಗೆ ಮನಸ್ಸು ಹಿಂದಿರುಗುತ್ತದೆ. ಇಲ್ಲಿ ಬರೆದವನು ತೀರ್ಪು ಕೊಡಲು ಕೂತವನಲ್ಲ, ಊರಿನ ಜೊತೆಗೆ ತಾನೂ ಸೋತವನು.

ಈ ವಿದ್ಯೆ ನಮ್ಮ ನೆರೆಗೂ ಬಂದು ಮುಟ್ಟುತ್ತದೆ. ಪೋರ್ಚುಗಲ್ಲಿನ ಅರಸು 1560ರಲ್ಲಿ ಗೋವೆಯಲ್ಲಿ ಸ್ಥಾಪಿಸಿದ ವಿಚಾರಣಾಪೀಠವು 1812ರಲ್ಲಿ ರದ್ದಾಯಿತು. ಆಗ ಅದರ ಮೊಕದ್ದಮೆಗಳ ಕಾಗದಗಳನ್ನು ಬಹುಮಟ್ಟಿಗೆ ಸುಟ್ಟುಹಾಕಿದರು. ಪಾಮಿಯೆಯದರಂತಹ ಕಡತ ಗೋವೆಯಲ್ಲಿ ಒಬ್ಬ ಸಂಶೋಧಕನಿಗೂ ಸಿಕ್ಕುವಂತಿಲ್ಲ. ಉಳಿದಿರುವುದು 1623ರವರೆಗಿನ ಮೊಕದ್ದಮೆಗಳ ಒಂದು ಪಟ್ಟಿ, ಲಿಸ್ಬನ್ನಿನ ಗ್ರಂಥಾಲಯದಲ್ಲಿ. ಲಿಸ್ಬನ್ನಿಗೂ ಗೋವೆಗೂ ನಡೆದ ಪತ್ರವ್ಯವಹಾರ, ಅಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ. ಇನ್ನೊಂದಿಷ್ಟು ಕಾಗದ ದೂರದ ರಿಯೊ ದ ಜನೈರೊದಲ್ಲಿ. ಇವಲ್ಲದೆ ಆ ಪೀಠವು 1736ರಲ್ಲಿ ಸಾರಿಸಿದ ಒಂದು ನಿಷೇಧಪತ್ರವೂ ಇದೆ. ಗೋವೆಯ ಕ್ರೈಸ್ತರು ಮದುವೆಯಲ್ಲಿ ವೀಳ್ಯ ಹಂಚಬಾರದು, ಹಳೆಯ ಹಾಡು ಹಾಡಬಾರದು, ವಧೂವರರಿಗೆ ಅರಿಸಿನ, ತೆಂಗಿನೆಣ್ಣೆ, ಅಕ್ಕಿಹಿಟ್ಟು ಹಚ್ಚಬಾರದು, ಏಕಾದಶಿ ಉಪವಾಸ ಮಾಡಬಾರದು, ಅಂಗಳದಲ್ಲಿ ತುಳಸಿ ಬೆಳೆಸಬಾರದು ಎಂದು ಅದು ಒಂದೊಂದನ್ನೇ ಎತ್ತಿ ಹೇಳುತ್ತದೆ. ಮತಾಂತರವಾಗಿ ಎಂಟು ತಲೆಮಾರು ಸಂದಿದ್ದರೂ ಜನ ಏನೇನು ಮಾಡುತ್ತಿದ್ದರೆಂಬುದಕ್ಕೆ ಇದಕ್ಕಿಂತ ವಿವರವಾದ ಪಟ್ಟಿಯನ್ನು ಆ ಜನರ ಸ್ನೇಹಿತರು ಯಾರೂ ಬರೆದಿಡಲಿಲ್ಲ. ಗೋವೆಯಿಂದ ಕೆನರಾ ಕರಾವಳಿಗೆ ಬಂದು ನೆಲಸಿದವರ ವಂಶಸ್ಥರಾದ ಮಂಗಳೂರಿನ ಕ್ಯಾಥೊಲಿಕರ ಮನೆಗಳಲ್ಲಿ ಮದುವೆಯ ಮುನ್ನಾದಿನ ಇಂದಿಗೂ ರೋಸ್ ಎಂಬ ಶಾಸ್ತ್ರ ನಡೆಯುತ್ತದೆ. ವಧುವಿಗೂ ವರನಿಗೂ ಅವರವರ ಮನೆಯಲ್ಲಿ ತೆಂಗಿನ ಹಾಲು ಹಚ್ಚಿ, ಹಾಡು ಹೇಳಿ, ಮೀಯಿಸುತ್ತಾರೆ. ಕೊಂಕಣಿಯನ್ನು ಮನೆಯಲ್ಲೂ ಕನ್ನಡವನ್ನು ಶಾಲೆಯಲ್ಲೂ ಕಲಿತ ಅಲ್ಲಿಯ ವಿದ್ಯಾರ್ಥಿಯೊಬ್ಬಳು ಪೋರ್ಚುಗೀಸನ್ನೂ ಹದಿನೆಂಟನೆಯ ಶತಮಾನದ ಆ ಕೈಬರಹವನ್ನೂ ಕಲಿತುಕೊಂಡರೆ, ಲಿಸ್ಬನ್ನಿನ ವಾಚನಾಲಯದಲ್ಲಿ ಆ ನಿಷೇಧಗಳ ಸಾಲುಗಳಿಗೆ ಅವಳು ಬರೆಯಬಹುದಾದ ಟಿಪ್ಪಣಿಯನ್ನು ತುಲೂಸಿನವನೂ ಪ್ರಿನ್ಸ್‌ಟನ್ನಿನವನೂ ಬರೆಯಲಾರರು.